ಕರಿಕಲ್ಲಿನ ತವರು

ಮೊನ್ನೆ ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೊರಟಿದ್ದ ಬಸ್ಸು ನಡುದಾರಿಯಲ್ಲಿ ನಿಂತುಬಿಟ್ಟಿತು. ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ದೊಡ್ಡ ಯಂತ್ರವೊಂದು ಗುಡ್ಡದ ಬುಡವನ್ನು ಕುಟ್ಟುತ್ತಿತ್ತು. ಕಿಟಕಿಯಿಂದ ಬೂದುಬಣ್ಣದ ಧೂಳು ಒಳಗೆ ಬಂತು, ಅದರ ಬೆನ್ನಿಗೇ ಒಂದು ವಾಸನೆ. ದೀಪಾವಳಿಯ ಮರುದಿನ ಅಂಗಳದಲ್ಲಿ ಸುಟ್ಟ ಪಟಾಕಿಯ ವಾಸನೆ ಉಳಿದಿರುತ್ತದಲ್ಲ, ಅದಕ್ಕೆ ಹತ್ತಿರದ್ದು. ಪಕ್ಕದ ಸೀಟಿನವರು ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು, "ಕಿಡಕಿ ಹಾಕ್ರೀ ಯಜಮಾನ್ರ" ಎಂದರು. ಹಾಕಿದೆ. ಆದರೆ ಹಾಕುವ ಮೊದಲು ಒಮ್ಮೆ ಎದೆತುಂಬ ಉಸಿರೆಳೆದುಕೊಂಡೆ. ಅವರು ನನ್ನ ಕಡೆ ನೋಡಿದ ಬಗೆ ಕಂಡರೆ, ಈ ಮುದುಕನಿಗೆ ಯಾವುದೋ ಕೆಟ್ಟ ಚಟವಿದೆ ಎಂದುಕೊಂಡಿರಬೇಕು.

ಚಟವೇನಲ್ಲ. ಆಗಷ್ಟೇ ಒಡೆದ ಕರಿಕಲ್ಲಿನ ವಾಸನೆ ಬಂದರೆ ನನಗೆ ಸುನಂದಾ ವೈನಿ ನೆನಪಾಗುತ್ತಾರೆ. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಎನ್ನುತ್ತೇವೆ. ಬೇರೆಯವರ ವೈನಿಯರು ಒಗ್ಗರಣೆಯ ವಾಸನೆಗೋ ಮಲ್ಲಿಗೆಯ ವಾಸನೆಗೋ ನೆನಪಾಗುತ್ತಾರೇನೋ. ನನ್ನ ಪಾಲಿಗೆ ಬಂದದ್ದು ಇದು.

ಎಂಬತ್ತರ ದಶಕದ ನಡುವಿನ ಮಾತು. ಚಿಕ್ಕೋಡಿಯಲ್ಲಿ ನನ್ನದೊಂದು ಪಂಪ್‌ಸೆಟ್ ರಿಪೇರಿ ಅಂಗಡಿ ಇತ್ತು. ಅಂಗಡಿ ಎನ್ನುವುದು ದೊಡ್ಡ ಮಾತು. ಒಂದು ತಗಡಿನ ಶೆಡ್ಡು, ಎರಡು ಸ್ಟೂಲು, ಸದಾ ಗ್ರೀಸು ಹತ್ತಿದ ಒಂದು ರೇಡಿಯೊ. ಅಪ್ಪ ಬೇಗ ತೀರಿಕೊಂಡಿದ್ದರಿಂದ ಮನೆಯಲ್ಲಿ ಅವ್ವನದೇ ಮಾತು. ಅಣ್ಣ ಕಬ್ಬಿನ ಹೊಲ ನೋಡಿಕೊಳ್ಳುತ್ತಿದ್ದ. ಅವನು ಎಲ್ಲರ ಮಾತಿಗೂ ತಲೆಯಾಡಿಸುವ ಶಾಂತ ಸ್ವಭಾವದವನು. ಇಬ್ಬರು ಎದುರು ಬದುರು ಜಗಳಾಡುತ್ತಿದ್ದರೆ ಇಬ್ಬರಿಗೂ ತಲೆಯಾಡಿಸಿಬಿಡುತ್ತಿದ್ದ. ಅಂಥವನಿಗೆ ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರ ಮಗಳನ್ನು ತಂದೆವು. ಹುಡುಗಿ ಧಾರವಾಡದಲ್ಲಿ ಎಮ್ಮೆಸ್ಸಿ ಮಾಡಿದ್ದಾಳೆ ಎಂದಿದ್ದರು. ಯಾವ ವಿಷಯದಲ್ಲಿ ಎಂದು ನಾವೂ ಕೇಳಿರಲಿಲ್ಲ, ಅವರೂ ಒತ್ತಿ ಹೇಳಿರಲಿಲ್ಲ.

ವಿಷಯ ಗೊತ್ತಾದದ್ದು ಮದುವೆಯ ಸಾಮಾನು ಇಳಿಸುವಾಗ. ಒಂದು ತಗಡಿನ ಟ್ರಂಕನ್ನು ಎತ್ತಲು ಹೋಗಿ ನಾನೂ ಅಣ್ಣನೂ ಮುಗ್ಗರಿಸಿದೆವು. ಹಿತ್ತಾಳೆ ಪಾತ್ರೆ ಬಹಳ ಕೊಟ್ಟಿದ್ದಾರೆ ಎಂದು ನೆರೆಮನೆಯ ಹೆಂಗಸರು ಪಿಸುಗುಟ್ಟಿದರು. ಅವ್ವ ಸ್ವಲ್ಪ ಸಂತೋಷದಿಂದಲೇ ಮುಚ್ಚಳ ತೆಗೆದಳು. ಒಳಗೆ ಮರಾಠಿ ಪೇಪರಿನಲ್ಲಿ ಸುತ್ತಿದ ಕಲ್ಲುಗಳು. ಒಂದನ್ನು ಬಿಚ್ಚಿ ನೋಡಿದಳು, ಇನ್ನೊಂದನ್ನು ಬಿಚ್ಚಿದಳು. ತಳದಲ್ಲಾದರೂ ಒಂದು ತಂಬಿಗೆ ಇದ್ದೀತೆಂದು ಕೈ ಹಾಕಿದಳು. ಅಲ್ಲಿ ಒಂದು ಸುತ್ತಿಗೆ ಇತ್ತು.

"ಏನವಾ ಇದು?"

"ನಾ ಓದೂದು ಇದನ್ನರಿ, ಅತ್ತಿ" ಎಂದರು ವೈನಿ.

ವೈನಿ ಪಿಎಚ್‌ಡಿ ಅರ್ಧಕ್ಕೆ ನಿಲ್ಲಿಸಿ ಬಂದಿದ್ದರು. ನಿಲ್ಲಿಸಿದ್ದು ಎಂದು ನಾವು ತಿಳಿದಿದ್ದೆವು. ಅವರು ಹಾಗೆ ತಿಳಿದಿರಲಿಲ್ಲ. ನಮ್ಮ ಸೀಮೆಯ ಕರಿಕಲ್ಲು, ಅಂದರೆ ನಮ್ಮ ಮನೆಯ ಗೋಡೆ, ಬಾವಿಯ ಕಟ್ಟೆ, ಅವ್ವನ ಬೀಸುವ ಕಲ್ಲು ಎಲ್ಲವೂ ಆಗಿದ್ದ ಆ ಕಲ್ಲು, ಒಂದು ಕಾಲಕ್ಕೆ ಭೂಮಿಯ ಹೊಟ್ಟೆಯಲ್ಲಿ ಕುದಿಯುವ ಶಿಲಾಪಾಕವಾಗಿತ್ತಂತೆ. ಬಿರುಕುಗಳಿಂದ ಉಕ್ಕಿ ಪದರ ಪದರವಾಗಿ ಹರಿದು ತಣಿದದ್ದಂತೆ. ಅಷ್ಟನ್ನು ಶಾಲೆಯ ಪುಸ್ತಕವೂ ಹೇಳುತ್ತದೆ. ವೈನಿಗೆ ಬೇಕಾಗಿದ್ದದ್ದು ಬೇರೆ. ಆ ಪಾಕ ಹೊರಟದ್ದು ಎಷ್ಟು ಆಳದಿಂದ? ನೇರವಾಗಿ ಮೇಲೆ ಬಂತೋ, ದಾರಿಯಲ್ಲಿ ಎಲ್ಲಿಯಾದರೂ ತಂಗಿತ್ತೋ?

"ಅದು ಹೆಂಗ ಗೊತ್ತಾಗತೈತ್ರಿ ವೈನಿ? ನೋಡ್ದವರು ಯಾರರ ಅದಾರೇನು?" ಎಂದು ನಾನು ಕೇಳಿದ್ದೆ.

"ಹರಳ ಹೇಳತಾವ ತಮ್ಮಾ" ಎಂದರು. "ರಾಯಬಾಗದಾಗ ಬೆಲ್ಲ ಮಾಡೂದು ನೋಡೀಯಿಲ್ಲೋ? ಪಾಕ ಲಗೂನ ಆರಿಸಿದ್ರ ಒಂದ ಬಗಿ, ಸಾವಕಾಶ ಬಿಟ್ರ ಕಲ್ಲಸಕ್ಕರಿ ಗತೆ ದಪ್ಪ ಹರಳ. ಕಲ್ಲೂ ಹಂಗ. ಪಾಕ ಆರೂ ಮುಂದ ಮೊದಲ ಕಟ್ಟೂದು ಒಂದು ಹಸರ ಹರಳ. ಪಾಕ ಸೀದಾ ತಳದಿಂದ ಬಂದಿದ್ರ ಅದರಾಗ ಮೆಗ್ನೀಸಿಯಂ ಭಾಳ ಇರತೈತಿ. ನಡುವ ಎಲ್ಲೆರ ನಿಂತು ಆರಿತ್ತಂದ್ರ, ಮೆಗ್ನೀಸಿಯಂ ಕಡಿಮಿ ಆಗಿ ಕಬ್ಬಿಣ ಹೆಚ್ಚಾಗತೈತಿ. ಆ ಹರಳ ತೂತಿಲ್ದ ಡಬ್ಬಿ ಇದ್ದಂಗ. ಕಟ್ಟಿದಾಗ ಒಳಗ ಏನ ಸಿಕ್ಕಿತ್ತೋ ಅದನ್ನ ಹಿಡಕೊಂಡ ಕುಂತಿರತೈತಿ."

ನಾನು ಹೂಂ ಎಂದೆ. ಅರ್ಥವಾದದ್ದು ಬೆಲ್ಲದವರೆಗೆ ಮಾತ್ರ.

ತೊಂದರೆ ಶುರುವಾದದ್ದು ಸುತ್ತಿಗೆಯಿಂದ. ನಾವು ಜೈನರು. ಸೂರ್ಯ ಮುಳುಗಿದ ಮೇಲೆ ಊಟವಿಲ್ಲ, ನೀರು ಸೋಸದೆ ಕುಡಿಯುವಂತಿಲ್ಲ. ಇವೆಲ್ಲ ನಿಪ್ಪಾಣಿಯ ವೈನಿಗೂ ಹೊಸದಲ್ಲ, ಅವರೂ ಜೈನರೇ. ಆದರೆ ಅವ್ವ ನೇಮದಲ್ಲಿ ಒಂದು ಕೈ ಮುಂದು. ಮಣ್ಣು, ಕಲ್ಲುಗಳಲ್ಲೂ ಒಂದೇ ಇಂದ್ರಿಯದ ಜೀವವಿದೆ, ಅದಕ್ಕೂ ನೋವಾಗುತ್ತದೆ ಎಂಬುದನ್ನು ಬಹಳ ಜನ ಬಸದಿಯಲ್ಲಿ ಕೇಳಿ ತಲೆಬಾಗಿ ಮನೆಗೆ ಹೋಗುತ್ತಾರೆ. ಅವ್ವ ಅದನ್ನು ಮನೆಗೂ ತಂದಿದ್ದಳು. ಕಲ್ಲು ಒಡೆಯುವುದು ಬೇಡ ಎಂದುಬಿಟ್ಟಳು.

"ಅಣ್ಣ ಹೊಲ ಉಳೂದಿಲ್ಲೇನ ಮತ್ತ?" ಎಂದು ನಾನು ವೈನಿಯ ಪರ ವಾದ ಹಾಕಿದೆ.

"ಉಳತಾನ, ಹೊಟ್ಟಿಗೆ. ಅದಕ್ಕ ಅರ್ಥ ಐತಿ" ಎಂದಳು ಅವ್ವ. "ಅರ್ಥ ಇಲ್ದ ಹುಲ್ಲ ಕಿತ್ರೂ, ನೆಲಾ ಕೆದರಿದ್ರೂ ಅದಕ್ಕ ಅನರ್ಥದಂಡ ಅಂತಾರ. ಈಕಿ ಕಲ್ಲ ಒಡದ್ರ ಯಾರ ಹೊಟ್ಟಿ ತುಂಬತೈತಿ ಕೇಳ."

ವೈನಿ ಅಲ್ಲಿಯೇ ಜೋಳದ ಹಿಟ್ಟು ನಾದುತ್ತಿದ್ದರು. "ಯಾರದೂ ತುಂಬೂದಿಲ್ರಿ" ಎಂದರು. "ಅದು ಎಲ್ಲಿಂದ ಬಂತು ಅನ್ನೂದು ಗೊತ್ತಾಗತೈತಿ. ಅಷ್ಟ."

ಏನಾದರೊಂದು ಉಪಯೋಗ ಹೇಳಿಬಿಡಬಾರದೇ, ನೀರು ಸಿಗುತ್ತದೆ, ಬಂಗಾರ ಸಿಗುತ್ತದೆ ಅಂತ, ಎಂದು ನನಗೆ ಕೈ ಕೈ ಹಿಸುಕಿಕೊಳ್ಳುವಂತಾಯಿತು. ಅವ್ವ ಸೊಸೆಯ ಮುಖವನ್ನೇ ನೋಡಿದಳು. ಆ ಉತ್ತರ ಅವಳಿಗೆ ಒಪ್ಪಿಗೆಯಾಗಲಿಲ್ಲ, ಆದರೆ ಹೇಳಿದವಳ ಮೇಲೆ ಸಿಟ್ಟೂ ಬರಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಬೇರೆಯವರು ಬೇರೆ ಕೆಲಸಕ್ಕೆ ಈಗಾಗಲೇ ಒಡೆದು ಹಾಕಿದ ಕಲ್ಲನ್ನು ವೈನಿ ಆರಿಸಿಕೊಳ್ಳಬಹುದು. ತಾವಾಗಿ ಏಟು ಹಾಕುವಂತಿಲ್ಲ. ಸುತ್ತಿಗೆ ಟ್ರಂಕಿನ ತಳಕ್ಕೆ ಹೋಯಿತು. ಅಣ್ಣ ಇಬ್ಬರಿಗೂ ತಲೆಯಾಡಿಸಿದ.

ಅಲ್ಲಿಂದ ಮುಂದೆ ನನ್ನ ಉಪಯೋಗ ಬಿತ್ತು. ಪಂಪು ಕೆಟ್ಟಲ್ಲಿಗೆ ಹೋಗುವವನು ನಾನು. ಯಾರು ಹೊಸ ಬಾವಿ ತೋಡಿಸುತ್ತಿದ್ದಾರೆ, ಎಲ್ಲಿ ಮದ್ದು ಹಾಕಿ ಕಲ್ಲು ಹಾರಿಸಿದ್ದಾರೆ ಎಂಬುದು ನನಗೆ ತಿಳಿಯುತ್ತಿತ್ತು. ನನ್ನ ಫಟಫಟಿ ಮೋಟಾರ್‌ಸೈಕಲ್ಲಿನ ಹಿಂದೆ ವೈನಿ, ಅವರ ತೊಡೆಯ ಮೇಲೆ ಗೋಣಿಚೀಲ. ಅಥಣಿ, ಕಾಗವಾಡ, ರಾಯಬಾಗ, ಹೀಗೆ ನಾವು ತಿರುಗದ ದಾರಿಯಿಲ್ಲ. ನಾನು ಬಾವಿಯೊಳಗೆ ಇಳಿದು ಪಂಪಿನ ಫುಟ್‌ವಾಲ್ವ್ ಬಿಚ್ಚುವ ಹೊತ್ತಿಗೆ ಅವರು ಮೇಲೆ ಕಲ್ಲಿನ ಗುಡ್ಡೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಒಂದೊಂದನ್ನೂ ಭೂತಗಾಜಿನಲ್ಲಿ ನೋಡಿ, ಬೇಕಾದ್ದನ್ನು ನೆಕ್ಕಿ (ಹೌದು, ಒದ್ದೆಯಾದರೆ ಹರಳು ಚೆನ್ನಾಗಿ ಕಾಣುತ್ತದಂತೆ) ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

ತೆಲಸಂಗದಲ್ಲಿ ಒಬ್ಬ ಹೊಲದ ಯಜಮಾನ ಇದನ್ನು ಬಹಳ ಹೊತ್ತು ನೋಡಿ ನನ್ನನ್ನು ಪಕ್ಕಕ್ಕೆ ಕರೆದ. "ಈ ಅಕ್ಕಾರು ಬಸರ ಅದಾರೇನ್ರಿ? ಹಂಗಿದ್ದಾಗ ಮಣ್ಣ ತಿನ್ನೂ ಆಸೆ ಆಗತೈತಿ. ನಮ್ಮ ಮನ್ಯಾಗೂ ಆಗಿತ್ತು. ಆದ್ರ ಕಲ್ಲ ತಿನ್ನೂದು ನಾ ಇದ ಮೊದಲ ನೋಡಿದ್ದು."

ಇದನ್ನು ದಾರಿಯಲ್ಲಿ ವೈನಿಗೆ ಹೇಳಿದಾಗ ಅವರು ನಕ್ಕ ರಭಸಕ್ಕೆ ನಾನು ಗಾಡಿ ನಿಲ್ಲಿಸಬೇಕಾಯಿತು. ಅಷ್ಟಾದರೂ ಬಿಸಿಲು ಇಳಿಯುವ ಮೊದಲು ಮನೆ ಸೇರಬೇಕು. ಇಲ್ಲದಿದ್ದರೆ ಆ ದಿನ ಊಟವಿಲ್ಲ. ಕಾಗವಾಡದಿಂದ ಒಂದು ಸಂಜೆ ಸೂರ್ಯನ ಜೊತೆ ಪಂದ್ಯ ಕಟ್ಟಿದವನಂತೆ ಗಾಡಿ ಓಡಿಸಿದ್ದು ನೆನಪಿದೆ. ನಾವು ಬಾಗಿಲಿಗೆ ಬಂದಾಗ ಅವ್ವ ತಾಟು ಹಾಕಿ, ಒಂದು ಕಣ್ಣು ಪಡುವಣಕ್ಕಿಟ್ಟು ಕಾಯುತ್ತಿದ್ದಳು. "ಲಗೂ ಕೈ ತೊಳೀರಿ, ಇನ್ನೊಂದ ಚೂರ ಐತಿ" ಎಂದಳು. ಚೂರು ಎಂದದ್ದು ಬೆಳಕನ್ನು.

ಹೀಗೆ ವರ್ಷಗಳು ಹೋದವು. ವೈನಿಗೆ ಮಗಳು ಹುಟ್ಟಿದಳು. ತೊಟ್ಟಿಲ ಪಕ್ಕದಲ್ಲಿ ಕೂತು ಅವರು ಕಲ್ಲಿನ ತೆಳು ಹೋಳುಗಳನ್ನು ಗಾಜಿನ ಮೇಲೆ ತಿಕ್ಕಿ ತಿಕ್ಕಿ, ಆಚೆಗಿನ ಬೆಳಕು ಕಾಣುವಷ್ಟು ತೆಳ್ಳಗೆ ಮಾಡುತ್ತಿದ್ದರು. ಹರಳಿನ ಒಳಗಿನ ರಸಾಯನ ಅಳೆಯುವ ಯಂತ್ರ ಆಗ ದೇಶದಲ್ಲೇ ಅಪರೂಪ. ಎಲೆಕ್ಟ್ರಾನುಗಳ ಸೂಜಿಮೊನೆಯಂಥ ಕಿರಣವನ್ನು ಹರಳಿನ ಮೇಲೆ ಬಿಟ್ಟರೆ, ಅದರಲ್ಲಿ ಯಾವ ಯಾವ ಧಾತು ಎಷ್ಟೆಷ್ಟಿದೆ ಎಂದು ಅದು ಹೇಳುತ್ತದೆ. ಅದರ ಸರದಿಗಾಗಿ ವೈನಿ ಕಾದ ಕಾಲದಲ್ಲಿ ಅವರ ಮಗಳು ನಡೆಯಲು ಕಲಿತು, ಮಾತು ಕಲಿತು, ಶಾಲೆಗೂ ಹೋದಳು. ಕೊನೆಗೆ ಕರೆ ಬಂದಾಗ ಅಣ್ಣನೇ ಜೊತೆಗೆ ಹೋಗಿ ರೈಲಿನಲ್ಲಿ ಯಂತ್ರವಿದ್ದ ದೂರದ ಊರಿಗೆ ಕರೆದೊಯ್ದ. ತಲೆಯಾಡಿಸುವವನು ಎಂದು ಅವನನ್ನು ನಾನು ಬಹಳ ಹಗುರ ಮಾಡಿದೆನೇನೋ. ಕಲ್ಲಿನ ಚೀಲ ಹೊತ್ತವನು ಅವನೇ.

ತಿರುಗಿ ಬಂದ ವೈನಿ ಕೆಲವು ದಿನ ತಮ್ಮ ಬರಹವನ್ನೇ ತಿರುವಿ ಹಾಕಿದರು. ಆಮೇಲೆ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು.

"ನಾ ಬರದದ್ದೆಲ್ಲಾ ತಪ್ಪಾಗೇತಿ ಅನಸ್ತೈತಿ ತಮ್ಮಾ."

ಅವರ ಮಾರ್ಗದರ್ಶಕರು ಹೆಸರಾಂತ ಪ್ರಾಧ್ಯಾಪಕರು. ನಮ್ಮ ಭಾಗದ ಶಿಲಾಪಾಕ ಎಲ್ಲಿಯೂ ತಂಗದೆ ನೇರ ಆಳದಿಂದ ಮೇಲೆ ಬಂದದ್ದು ಎಂಬುದು ಅವರ ಬಹುಕಾಲದ ವಾದ. ವೈನಿಯೂ ಅದನ್ನೇ ನಂಬಿ ಅಧ್ಯಾಯಗಳನ್ನು ಬರೆದಿದ್ದರು. ಯಂತ್ರ ಬೇರೆಯೇ ಹೇಳಿತ್ತು. ಹಸಿರು ಹರಳುಗಳಲ್ಲಿ ಇರಬೇಕಾದಷ್ಟು ಮೆಗ್ನೀಸಿಯಂ ಇರಲಿಲ್ಲ. ನಿಪ್ಪಾಣಿ ದಾರಿಯ ಒಂದು ಗುಡ್ಡದ ಬುಡದಲ್ಲಿ ಬೆರಳುದ್ದದ ಬಿಳಿ ಹರಳುಗಳಿರುವ ಕಲ್ಲಿನ ಪದರವೊಂದಿದೆ. ಆ ಬಿಳಿ ಹರಳುಗಳ ನಡುವಿನ ಭಾಗದಲ್ಲಿ ಸೋಡಿಯಂ ಹೆಚ್ಚು, ಅದರ ಸುತ್ತ ಕ್ಯಾಲ್ಸಿಯಂ ಹೆಚ್ಚಿರುವ ಒಂದು ಉಂಗುರ. ಅಂದರೆ ಪಾಕ ಭೂಮಿಯೊಳಗೆ ಎಲ್ಲಿಯೋ ತಂಗಿ ನಿಧಾನವಾಗಿ ತಣಿಯುತ್ತಿತ್ತು. ಆಮೇಲೆ ಕೆಳಗಿನಿಂದ ಹೊಸ ಬಿಸಿ ಪಾಕ ಬಂದು ಸೇರಿತು. ಅದಾದ ಮೇಲೆಯೇ ಎಲ್ಲವೂ ಹೊರಗೆ ಉಕ್ಕಿತು.

"ಹೇಳಿಬಿಡ್ರಿ ಅವರಿಗೆ" ಎಂದೆ. ಪರರ ಪಿಎಚ್‌ಡಿಯಲ್ಲಿ ನನಗೆ ಬಹಳ ಧೈರ್ಯ.

ವೈನಿ ಧಾರವಾಡಕ್ಕೆ ಹೋಗಿ ಹೇಳಿದರು. ಪ್ರಾಧ್ಯಾಪಕರು ಸಿಟ್ಟಾಗಲಿಲ್ಲ. ಶಾಂತವಾಗಿ ಒಂದು ಪ್ರಶ್ನೆ ಕೇಳಿದರಂತೆ. ಆ ಗುಡ್ಡದ ಹತ್ತಿರ ಬಾವಿಯೂ ಇಲ್ಲ, ಕ್ವಾರಿಯೂ ಇಲ್ಲ. ಅಲ್ಲಿಯ ಕಲ್ಲು ಎಲ್ಲಿಂದ ತಂದೆ? ಹಳ್ಳದಲ್ಲಿ ಬಿದ್ದಿದ್ದನ್ನು ಆರಿಸಿದ್ದು, ಎಂದರು ವೈನಿ. ಎಷ್ಟು ಕಾಲದಿಂದ ಮಳೆ ಬಿಸಿಲಿಗೆ ಬಿದ್ದ ಕಲ್ಲೋ, ಅದರೊಳಗಿನ ಮೆಗ್ನೀಸಿಯಂ ತೊಳೆದು ಹೋಗಿರಬಹುದಲ್ಲ, ಎಂದರು ಅವರು. ಬಂಡೆಯಿಂದಲೇ ಹೊಸದಾಗಿ ಒಡೆದು ತಾ. ಆಗಲೂ ಇದೇ ಬಂದರೆ ನಾನು ಒಪ್ಪುತ್ತೇನೆ.

ನ್ಯಾಯವಾದ ಮಾತು. ಅದಕ್ಕೇ ಕಷ್ಟವಾಯಿತು.

ನಾನೂ ಅಣ್ಣನೂ ಒಂದು ಉಪಾಯ ಮಾಡಿದ್ದೆವು. ಕಲ್ಲು ಒಡೆಯುವವರನ್ನು ಕರೆದುಕೊಂಡು ಹೋಗಿ ಒಡೆಸಿ ತಂದುಬಿಡುವುದು. ಏಟು ವೈನಿಯದಲ್ಲ, ಒಪ್ಪಂದವೂ ಮುರಿಯುವುದಿಲ್ಲ, ಅವ್ವನಿಗೆ ಹೇಳುವ ಕೆಲಸವೂ ಇಲ್ಲ. ವೈನಿ ಕೇಳಿ, "ನನ್ನ ಸಲುವಾಗಿ ಒಡದಿದ್ದು ನಾನ ಒಡದಂಗ ಅಲ್ಲೇನು?" ಎಂದರು. ಆ ಸಂಜೆ ಊಟಕ್ಕೆ ಮೊದಲೇ ಅಡುಗೆಮನೆಗೆ ಹೋಗಿ ಅವ್ವನ ಮುಂದೆ ಎಲ್ಲವನ್ನೂ ಬಿಡಿಸಿ ಹೇಳಿದರು. ನಾವಿಬ್ಬರು ಗಂಡಸರು ಪಡಸಾಲೆಯಲ್ಲಿ ಕೂತು ಪೇಪರು ಓದುವ ನಾಟಕ ಮಾಡಿದೆವು.

"ಒಡೀಲಿಲ್ಲಂದ್ರ ಏನಾಗತೈತಿ?" ಎಂದಳು ಅವ್ವ.

"ಡಿಗ್ರಿ ಸಿಗತೈತ್ರಿ. ಅವರು ಹೇಳಿದಂಗ ಬರದ ಕೊಟ್ರ ಇವತ್ತ ಸಿಗತೈತಿ. ಆದ್ರ ಅದು ಖರೆ ಅಲ್ಲ ಅಂತ ನನಗ ಅನಸ್ತೈತಿ. ಒಡದ ನೋಡಿದ್ರ ನಾ ತಪ್ಪೋ ಅವರು ತಪ್ಪೋ ತಿಳೀತೈತಿ."

 ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಎಷ್ಟ ಬೇಕು?"

"ಮುಷ್ಟಿಯಷ್ಟ ಸಾಕ್ರಿ."

"ನಾನೂ ಬರತೇನಿ" ಎಂದಳು ಅವ್ವ. "ಗೊತ್ತಿದ್ದು ಸುಳ್ಳ ಬರಿಯೂದೂ ಹಿಂಸಾನ. ಎರಡರಾಗ ಯಾವುದ ದೊಡ್ಡದು ನನಗ ತಿಳೀದು. ಆದ್ರ ಮಾಡೂದಾದ್ರ ಕಣ್ಣ ಮುಂದ ಮಾಡೂಣು."

ಹೀಗೆ ಒಂದು ಚಳಿಗಾಲದ ಬೆಳಿಗ್ಗೆ ನಮ್ಮ ಇಡೀ ಮನೆ ಕಲ್ಲು ಒಡೆಯಲು ಹೊರಟಿತು. ಅಣ್ಣ ಟ್ರ್ಯಾಕ್ಟರು ತೆಗೆದ. ಕಬ್ಬು ಸಾಗಿಸುವ ಟ್ರೇಲರಿನಲ್ಲಿ ಜಮಖಾನೆ ಹಾಸಿ ಅವ್ವನನ್ನು ಕೂರಿಸಿದೆವು. ದಾರಿಯಲ್ಲಿ ಸಿಕ್ಕವರೆಲ್ಲ ಯಾವ ಬಸದಿಗೆ ಹೊರಟಿರಿ ಎಂದು ಕೇಳುವವರೇ. ಅವ್ವ, "ಹಿಂಗ ಗುಡ್ಡದ ಕಡೆ" ಎಂದಷ್ಟೇ ಹೇಳಿದಳು.

ಹಳ್ಳದಲ್ಲಿ ನೀರು ಎಳೆಯಷ್ಟು ಹರಿಯುತ್ತಿತ್ತು. ದಡದ ಬಂಡೆಯಲ್ಲಿ ಬಿಳಿ ಹರಳುಗಳು, ಯಾರೋ ಕೊಬ್ಬರಿ ತುಂಡು ಚೆಲ್ಲಿ ಹೋದಂತೆ. ವೈನಿ ಜಾಗ ಗುರುತಿಸಿ ಸುತ್ತಿಗೆ ಎತ್ತಿದರು.

"ತಡಿ" ಎಂದಳು ಅವ್ವ. ಸೆರಗಿನ ತುದಿಯಿಂದ ಬಂಡೆಯ ಮೇಲೆ ಹರಿಯುತ್ತಿದ್ದ ಇರುವೆಗಳನ್ನು ಮೆಲ್ಲಗೆ ಸರಿಸಿದಳು. ಬಿರುಕಿನಲ್ಲಿ ಒಂದು ಜೇಡ ಕೂತಿತ್ತು. ಅದು ಹೊರಗೆ ಬರುವವರೆಗೂ ಕಾದಳು. ಆಮೇಲೆ ಕೈ ಮುಗಿದು ಣಮೋಕಾರ ಮಂತ್ರ ಹೇಳಿದಳು. ಅಣ್ಣನ ಜೊತೆ ಟ್ರ್ಯಾಕ್ಟರಿನ ಪಕ್ಕದಲ್ಲಿ ನಿಂತಿದ್ದ ಪುಟ್ಟ ಮಗಳ ಕಡೆ ವೈನಿ ಒಮ್ಮೆ ನೋಡಿದರು.

"ಒಂದ ಏಟಿಗೆ ಆಗೂದಿಲ್ಲೇನು?" ಎಂದಳು ಅವ್ವ.

"ಇಲ್ರಿ ಅತ್ತಿ. ಗಟ್ಟಿ ಐತಿ."

"ಹಂಗಾದ್ರ ಜೋರಲೆ ಹೊಡಿ. ಸಣ್ಣ ಸಣ್ಣ ಏಟ ಬ್ಯಾಡ."

ವೈನಿ ಹೊಡೆದರು. ಗುಡ್ಡದಿಂದ ಸದ್ದು ತಿರುಗಿ ಬಂತು. ಅವ್ವ ಪ್ರತಿ ಏಟಿಗೂ ಕಣ್ಣು ಮುಚ್ಚುತ್ತಿದ್ದಳು, ಆದರೆ ಅಲ್ಲಿಂದ ಸರಿಯಲಿಲ್ಲ. ತುಂಡು ಎದ್ದಾಗ ಆ ವಾಸನೆ ಬಂತು. ವೈನಿಯ ಅಂಗೈಯಲ್ಲಿ ರಕ್ತ ಜಿನುಗಿತ್ತು. ಅದನ್ನು ಸೀರೆಗೆ ಒರೆಸಿಕೊಂಡು, ಹೊಸ ಮುಖಕ್ಕೆ ನೀರು ಚಿಮುಕಿಸಿ, ತುಂಡನ್ನೂ ಭೂತಗಾಜನ್ನೂ ಅವ್ವನ ಕೈಗೆ ಕೊಟ್ಟರು.

"ನೋಡ್ರಿ. ಬಿಳಿ ಹರಳಿನೊಳಗ ಬಳಿ ಗತೆ ಗೆರಿ ಕಾಣಸ್ತೈತಿ? ನಡುವಿಂದ ಹೊರಗ, ಒಂದ ಸುತ್ತ ಆದ ಮ್ಯಾಗ ಒಂದ ಸುತ್ತ ಬೆಳದೈತಿ. ಬಿಸಿ ಪಾಕ ಬಂದಾಗ ಒಂದ ಕಡೆ ಕರಗೇತಿ, ಮತ್ತ ಬೆಳದೈತಿ."

ಅವ್ವ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ಬೆಳೀತಿತ್ತು ಅಂತೀ."

"ಹೂಂರಿ."

"ಕರಗಿದ್ರೂ ಮತ್ತ ಬೆಳೀತು ಅಂತೀ."

"ಹೂಂರಿ ಅತ್ತಿ."

"ಮತ್ತ ಜೀವ ಇಲ್ಲ ಅಂತ ಹೆಂಗ ಅಂತೀರಿ ನೀವೆಲ್ಲಾ?"

ವೈನಿ ಬಾಯಿ ತೆರೆದರು, ಮುಚ್ಚಿದರು. ನಾನು ಗೊಳ್ಳೆಂದು ನಕ್ಕೆ. ಎಮ್ಮೆಸ್ಸಿ ಓದಿದವರ ಬಾಯಿ ಮುಚ್ಚಿಸಿದ ಅವ್ವ ಎಂದು ಮುಂದೆ ಎಷ್ಟು ಜನರಿಗೆ ಹೇಳಿದೆನೋ ಲೆಕ್ಕವಿಲ್ಲ.

ಆ ದಿನ ಅವ್ವ ಪ್ರಾಯಶ್ಚಿತ್ತವೆಂದು ಉಪವಾಸ ಮಾಡಿದಳು. ಯಾರೂ ಹೇಳದೆ ವೈನಿಯೂ ಊಟ ಬಿಟ್ಟರು. ಸಂಜೆಯ ಹೊತ್ತಿಗೆ ಅತ್ತೆ ಸೊಸೆಯ ಅಂಗೈಗೆ ಅರಿಶಿನ ಹಚ್ಚುತ್ತಿದ್ದಳು. ಅಣ್ಣನೂ ನಾನೂ ತಾಟಿನ ಮುಂದೆ ಕೂತು ಅವರ ಕಡೆಯೇ ನೋಡಿದೆವು. ಆದರೂ ತಿಂದೆವು.

ಹೊಸ ಕಲ್ಲು ಮತ್ತೆ ಆ ಯಂತ್ರಕ್ಕೆ ಹೋಗಿ ಬಂತು. ಹರಳುಗಳು ಮೊದಲಿನ ಮಾತನ್ನೇ ಹೇಳಿದವು. ಪಾಕ ದಾರಿಯಲ್ಲಿ ತಂಗಿತ್ತು. ವೈನಿ ಬರೆದದ್ದನ್ನೆಲ್ಲ ಬಿಟ್ಟು ಮತ್ತೆ ಮೊದಲಿನಿಂದ ಬರೆದರು. ತೊಂಬತ್ತರ ದಶಕದಲ್ಲಿ, ಮಗಳು ಲಂಗ ಬಿಟ್ಟು ಚೂಡಿದಾರ ಕೇಳುವ ವಯಸ್ಸಿಗೆ ಬಂದಾಗ, ಡಾಕ್ಟರ್ ಆದರು. ಮೌಖಿಕ ಪರೀಕ್ಷೆಯ ದಿನ ಆ ಪ್ರಾಧ್ಯಾಪಕರು ಎದ್ದು ನಿಂತು, ಈ ವಿಷಯದಲ್ಲಿ ನನ್ನ ಅಭಿಪ್ರಾಯ ತಪ್ಪಾಗಿತ್ತು, ಎಂದು ಎಲ್ಲರ ಮುಂದೆ ಹೇಳಿದರಂತೆ. ಸುದ್ದಿ ಕೇಳಿ ಅವ್ವ, "ಭಲೇ ಮನಶ್ಯಾ. ಒಂದಿನಾ ಊಟಕ್ಕ ಕರೀರಿ. ಹೊತ್ತ ಮುಣಗೂದರಾಗ ಬಾ ಅನ್ರಿ" ಎಂದಳು. ಅವರು ಬಂದರು. ಹೊತ್ತು ಮುಳುಗುವ ಮೊದಲೇ ಬಂದರು.

ವೈನಿ ಬಹುಕಾಲ ಕಾಲೇಜಿನಲ್ಲಿ ಪಾಠ ಹೇಳಿ ಈಗ ನಿವೃತ್ತರು. ಅವ್ವ ಇಲ್ಲ. ಮೊನ್ನೆ ಆ ಬಸ್ಸಿನಿಂದ ಇಳಿದು ನೇರ ನಿಪ್ಪಾಣಿಯಲ್ಲಿರುವ ವೈನಿಯ ಮನೆಗೆ ಹೋದೆ. ಅಣ್ಣ ಹೊರಗೆ ಹೋಗಿದ್ದ. ಮಾತಿಗೆ ಮಾತು ಬಂದು, ಅವ್ವನ ಪ್ರಶ್ನೆಯ ಆ ಹಳೆಯ ಕಥೆಯನ್ನು ಅಲ್ಲಿದ್ದ ಪಕ್ಕದ ಮನೆಯವರಿಗೆ ಎಂದಿನಂತೆ ಅಭಿನಯ ಸಹಿತ ಹೇಳಿದೆ. ಅವರು ನಕ್ಕರು. ಅವರು ಹೋದ ಮೇಲೆ ವೈನಿ ಹೇಳಿದರು:

"ನಿನಗ ಒಂದ ಹೇಳಿಲ್ಲ ನಾ. ಪರೀಕ್ಷಾದ ದಿನ, ಮಹಾರಾಷ್ಟ್ರದಿಂದ ಬಂದ ಪರೀಕ್ಷಕರು ಕಡೀಕ ಕೇಳಿದ್ರು, ಈ ಕೆಲಸದಾಗ ಉತ್ತರ ಸಿಗಲಾರದ ಪ್ರಶ್ನಿ ಯಾವುದರ ಉಳದೈತೇನು ಅಂತ. ಎರಡ ಅದಾವು ಅಂದೆ. ಕೆಳಗಿಂದ ಬಂದ ಆ ಹೊಸಾ ಪಾಕ ಮೊದಲ ಎಲ್ಲಿ ಕರಗಿತ್ತು ಅನ್ನೂದು ಒಂದು. ನಮ್ಮತ್ತಿ ಕೇಳಿದ್ದು ಇನ್ನೊಂದು, ಬೆಳಿಯೂ ಕಲ್ಲಿಗೆ ಜೀವ ಇಲ್ಲ ಅಂತ ಹೆಂಗ ಅನ್ನೂದು, ಅಂದೆ. ಮಂದಿ ಎಲ್ಲಾ ನಕ್ರು."

"ಪ್ರೊಫೆಸರ್ರು?"

"ಅವರು ನಗಲಿಲ್ಲ. ಬರಕೊಂಡ್ರು."

ವೈನಿ ಚಹಾ ಮಾಡಲು ಒಳಗೆ ಎದ್ದುಹೋದರು. ಮೊಣಕಾಲು ನೋವಿನಿಂದ ಗೋಡೆ ಹಿಡಿದು ನಡೆಯುತ್ತಿದ್ದರು. ನಾನು ಪಡಸಾಲೆಯಲ್ಲಿ ಒಬ್ಬನೇ ಕೂತೆ. ಇಷ್ಟು ವರ್ಷ ಆ ಕಥೆಯನ್ನು ಜನರನ್ನು ನಗಿಸುವುದಕ್ಕೆ ಹೇಳುತ್ತಾ ಬಂದವನು ನಾನು, ಅದರ ಕೊನೆಗೆ ಎಲ್ಲಿ ನಿಲ್ಲಿಸಿದರೆ ನಗು ಜೋರಾಗಿ ಬರುತ್ತದೆ ಎಂಬುದೂ ನನಗೆ ಗೊತ್ತಿತ್ತು. ಈಗ ನಿಮಗೆ ಹೇಳುವಾಗ ಆ ಜಾಗ ಬಂತು, ಹೋಯಿತು. ನಿಮ್ಮ ಮುಖದ ಮೇಲೆ ನಗು ಬಂತೋ ಇಲ್ಲವೋ ಎಂದು ನಾನು ನೋಡಲಿಲ್ಲ. ಆ ಗುಡ್ಡದ ಬುಡದಲ್ಲಿ ನಿಂತಿದ್ದ ಅವ್ವನ ಮುಖವನ್ನು ನೋಡುತ್ತಿದ್ದೆ. ಅವಳು ಆ ಪ್ರಶ್ನೆಯನ್ನು ಕೇಳಿದ್ದು ಉತ್ತರಕ್ಕಾಗಿಯೇ.